ಮೂರನೇ ಪಾಳಿಯ ಎಡಭುಜ

ವೆಂಡೆಲ್ ಪ್ರಾಥರ್ ಕೆಟ್ಟ ಮನುಷ್ಯನೆಂದು ನಾನು ಯಾವತ್ತೂ ಹೇಳಿದವಳಲ್ಲ. ಟೆಕ್ಸಸ್‌ನ ಊರೂರುಗಳಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟು ದುಡ್ಡು ಮಾಡಿದವನು. ನಮ್ಮ ಬೆಟ್ಟದೂರು ಗ್ಯಾಲೋವೇಗೆ ಬಂದು ಬೆಟ್ಟದ ಬುಡದಲ್ಲಿ ಮನೆ ಕಟ್ಟಿಸಿದ, ಎದುರು ಸಿಕ್ಕವರಿಗೆಲ್ಲ ಹ್ಯಾಟು ಎತ್ತಿ ಮಾತಾಡಿಸಿದ. ನನ್ನ ಬೇಕರಿಗೆ ಬಂದರೆ ಒಂದು ಬನ್ನು ತಿಂದು ಎರಡರ ದುಡ್ಡು ಇಟ್ಟು ಹೋಗುತ್ತಿದ್ದ. ಆದರೂ ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆ ಎನ್ನುವುದು ಊರಿಗೆಲ್ಲ ಗೊತ್ತಿರುವಾಗ ಇಲ್ಲಿ ಮುಚ್ಚಿಟ್ಟು ಏನು ಪ್ರಯೋಜನ?

ಅವನು ಬರುವ ಮೊದಲು ನಮ್ಮೂರ ಮಕ್ಕಳ ಫ್ರೀರೈಡ್ ಕೂಟದ ಪ್ರಾಯೋಜಕಿ ನಾನಾಗಿದ್ದೆ. ಫ್ರೀರೈಡ್ ಎಂದರೆ ಯಂತ್ರ ಹಾಯಿಸಿ ಹದ ಮಾಡಿದ ದಾರಿ ಬಿಟ್ಟು, ಬಂಡೆ ಕೊರಕಲುಗಳ ನಡುವೆ ತಮ್ಮ ಹಾದಿ ತಾವೇ ಹುಡುಕಿಕೊಂಡು, ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ಮೇಲೆ ಹಿಮದಲ್ಲಿ ಜಾರುತ್ತ ಇಳಿಯುವುದು. ಯಾರು ಕಷ್ಟದ ಹಾದಿ ಆರಿಸಿ, ತಡವರಿಸದೆ, ಬೀಳದೆ ಬುಡ ಮುಟ್ಟುತ್ತಾರೋ ಅವರಿಗೆ ಹೆಚ್ಚು ಅಂಕ. ಕೂಟ ಲಾಭಕ್ಕೆಂದು ನಡೆಯುವುದಲ್ಲ. ಊರವರೇ ಕೈಲಾದಷ್ಟು ಕೊಟ್ಟು ನಡೆಸುತ್ತಿದ್ದರು. ಮಕ್ಕಳ ನಂಬರಿನ ಅಂಗಿಯ ಎದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಸ್ಪೆಹಾರ್ ಬೇಕರಿ' ಎಂದಿರುತ್ತಿತ್ತು. ನಾನು ಕೊಡುತ್ತಿದ್ದ ದುಡ್ಡು ಅಷ್ಟಕ್ಕಷ್ಟೇ. ಹೆಚ್ಚಿನದು ಬ್ರೆಡ್ಡು, ಸೂಪು, ಆಕ್ರೋಟು ತುಂಬಿ ಸುರುಳಿ ಸುತ್ತಿದ ಪೊತಿತ್ಸ ಎಂಬ ಸಿಹಿ ಬ್ರೆಡ್ಡು. ನನ್ನ ಅಜ್ಜ ಸ್ಲೊವೇನಿಯಾದಿಂದ ಇಲ್ಲಿಯ ಗಣಿಗೆ ಬಂದಾಗ ತಂದ ಆಸ್ತಿ ಅದೊಂದೇ.

ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರುಗಳು ಮಾತ್ರ ಉಳಿದಿವೆ. ಉತ್ತರಕ್ಕೆ ಮುಖ ಮಾಡಿದ, ಚಳಿಗಾಲವಿಡೀ ಬಿಸಿಲು ಕಾಣದ ಆ ಕಡಿದಾದ ಇಳಿಜಾರನ್ನು ಗಣಿಯವರು 'ಮೂರನೇ ಪಾಳಿ' ಎಂದು ಕರೆದರು, ರಾತ್ರಿ ಪಾಳಿಯ ಹಾಗೆ ಸದಾ ಕತ್ತಲೆಂದು. ಮಕ್ಕಳ ಸ್ಪರ್ಧೆ ನಡೆಯುವುದು ಅಲ್ಲೇ.

ಆ ಇಳಿಜಾರಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನವೆಂಬರಿನಲ್ಲಿ ಬಿದ್ದ ಮೊದಲ ಹಿಮ ಅಲ್ಲಿ ಕರಗುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ಮೋಡವಿಲ್ಲದ ಆಕಾಶದ ಚಳಿಗೆ ಒಳಗೊಳಗೇ ಕೊಳೆತು ಕಾಳು ಕಾಳಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸೋರುತ್ತದೆ. ನಾವು ಕರೆಯುವುದೂ ಸಕ್ಕರೆ ಹಿಮವೆಂದೇ. ಅದರ ಮೇಲೆ ಜನವರಿಯ ಹಿಮ ಅಡಿಗಟ್ಟಲೆ ಬಂದು ಕೂತರೆ ಮೇಲೆ ಮುಚ್ಚಳ, ಕೆಳಗೆ ಮರಳು. ಅದಕ್ಕೇ ನವೆಂಬರಿನಲ್ಲೇ ಸಾಲಾಗಿ ನಿಂತು, ಸ್ಕೀ ಬೂಟಿನಲ್ಲಿ ಸೊಂಟದ ಮಟ್ಟ ಹೂತುಕೊಂಡು, ಇಡೀ ಇಳಿಜಾರನ್ನು ಮೇಲಿಂದ ಕೆಳಕ್ಕೆ ತುಳಿಯುತ್ತಾರೆ. ಆ ಸಕ್ಕರೆ ಮುರಿದು ಕಲಸಿ ಗಟ್ಟಿಯಾದರೆ ಆಮೇಲಿನ ಹಿಮ ಅದನ್ನು ಕಚ್ಚಿಕೊಳ್ಳುತ್ತದೆ. ಇದಕ್ಕೆ ನಮ್ಮಲ್ಲಿ ತುಳಿತ ಎನ್ನುತ್ತಾರೆ. ಇಳಿಜಾರಿನ ಹೊಟ್ಟೆಯ ಭಾಗವನ್ನು ಬೆಟ್ಟ ನಡೆಸುವ ಕಂಪನಿಯ ಆಳುಗಳು ತುಳಿಯುತ್ತಿದ್ದರು. ಕಪ್ಪು ಬಂಡೆಗಳ ಪಕ್ಕದ ಎಡಭುಜವನ್ನು ಮಾತ್ರ ಕೂಟದ ಮಕ್ಕಳು ತುಳಿಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ಕಂಪನಿ ಆ ಮಕ್ಕಳಿಗೆ ಬೆಟ್ಟ ಹತ್ತಿಸುವ ಲಿಫ್ಟಿನ ಇಡೀ ವರ್ಷದ ಪಾಸು ಕೊಡುತ್ತಿತ್ತು. ಈ ಪಾಲು ಯಾರು ಯಾವಾಗ ಮಾಡಿದ್ದೋ ಗೊತ್ತಿಲ್ಲ. ಎಲ್ಲೂ ಬರೆದಿಟ್ಟದ್ದಲ್ಲ, ನಡೆದುಕೊಂಡು ಬಂದದ್ದು. ಮಧ್ಯಾಹ್ನ ನಾನು ಸೂಪಿನ ಹಂಡೆ ಹೊತ್ತು ಬುಡಕ್ಕೆ ಹೋಗಿ ಕೂಗಿದರೆ ಮೇಲಿಂದ ಕೇಕೆ ಹಾಕುತ್ತ ಇಳಿಯುತ್ತಿದ್ದವು ಆ ಕೋತಿಗಳು.

ಮೊದಲು ಎಲ್ಲ ಮನೆಯ ಮಕ್ಕಳೂ ತುಳಿಯುತ್ತಿದ್ದರು. ಆಮೇಲೆ ಊರಿಗೆ ಹಣವಂತರು ಬಂದರು, ಪಾಸು ಕೊಂಡುಕೊಂಡರು. ತುಳಿಯಲು ಉಳಿದದ್ದು ಕೊಳ್ಳಲಾಗದವರ ಮಕ್ಕಳು. ಶಾಲೆಯಲ್ಲಿ ಅವರಿಗೆ 'ಬೂಟು ಗ್ಯಾಂಗು' ಎಂಬ ಅಡ್ಡಹೆಸರೂ ಬಿತ್ತು. ಹೀಗೆ ತುಳಿತ ಎಂದರೆ ಬಡಮಕ್ಕಳು ಫೀಸಿನ ಬದಲಿಗೆ ಮಾಡುವ ಕೂಲಿ ಎಂದು ಊರೇ ತಿಳಿದುಕೊಂಡಿತು. ಅದು ಯಾಕೆ ಶುರುವಾಯಿತು ಎನ್ನುವುದು ಮಾತಿನಲ್ಲಿ ಬರುವುದೇ ನಿಂತುಹೋಗಿತ್ತು.

ಕಳೆದ ಶರತ್ಕಾಲ, ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಕೂಟದ ವಾರ್ಷಿಕ ಊಟ. ಪ್ರಾಥರ್ ಎದ್ದು ನಿಂತ. ಇನ್ನು ಮುಂದೆ ಎಲ್ಲ ಮಕ್ಕಳ ಪಾಸು, ಹೆಲ್ಮೆಟ್ಟು, ಹಿಮದಡಿ ಸಿಕ್ಕವರನ್ನು ಹುಡುಕುವ ಬೀಕನ್ ಯಂತ್ರ, ಎಲ್ಲದರ ಖರ್ಚೂ ತನ್ನದು ಎಂದ. "ಆಟ ಆಡೋಕೆ ಬಂದಿರೋ ಮಗು ಕೂಲಿ ಮಾಡೋದು ನನ್ನ ಕಣ್ಣಿಂದ ನೋಡೋಕಾಗಲ್ಲ ಫ್ರೆಂಡ್ಸ್. ನಾನೂ ಚಿಕ್ಕವನಿದ್ದಾಗ ಬೇರೆಯವರ ಕಾರು ತೊಳೆದೇ ಶಾಲೆಗೆ ಹೋಗಿದ್ದು. ಈ ನವೆಂಬರಿನಲ್ಲಿ ಯಾವ ಮಗೂನೂ ತುಳಿಯೋದು ಬೇಡ." ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿ ಕೂತಿದ್ದ ನೊಯೆಮಿ ಗೊಳೋ ಎಂದು ಅತ್ತಳು. ಅವಳು ನನ್ನ ಬೇಕರಿಯಲ್ಲಿ ಹಿಟ್ಟು ನಾದುವವಳು, ಗಡಿಯಾಚೆಯ ಚಿಹುವಾಹುವಾ ಕಡೆಯವಳು, ಸ್ಪ್ಯಾನಿಷ್ ಮನೆಮಾತಿನವಳು. ಗಂಡನಿಲ್ಲ, ಮಾಯ್ರಾ ಎಂಬ ಒಬ್ಬಳೇ ಮಗಳು. ಬೆಳಿಗ್ಗೆ ಬೇಕರಿ, ಮಧ್ಯಾಹ್ನ ಹೋಟೆಲಿನ ಕೋಣೆ ಗುಡಿಸುವ ಕೆಲಸ, ಇದರ ನಡುವೆ ಮಗಳ ಆಸೆಗೆ ದುಡ್ಡು ಎಲ್ಲಿಂದ ತರಬೇಕು?

ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಸುಮ್ಮನಿರಲಾಗದೆ ಎದ್ದು ಕೇಳಿದೆ. "ಹಾಗಾದ್ರೆ ಎಡಭುಜ ತುಳಿಯೋರು ಯಾರು?"

ಕೂಟದ ತರಬೇತುದಾರ ಲೈಲ್ ನಕ್ಕ. "ಡೋರಾ, ನಿನ್ನ ಸೂಪು ಖರ್ಚಾಗಲ್ಲ ಅಂತ ಚಿಂತೆನಾ?"

ಹಿಂದಿನ ಸಾಲಿನಿಂದ ಯಾರೋ, "ಅಂಗಿ ಮೇಲಿಂದ ಹೆಸರು ಹೋಯ್ತಲ್ಲ, ಹೊಟ್ಟೆ ಉರೀತಿದೆ ಪಾಪ" ಎಂದರು. ಇನ್ನೊಬ್ಬರು, "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಲಂತೆ" ಎಂದರು. ಹಾಲ್ ತುಂಬ ನಗು. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲಿ ಪ್ರಶ್ನೆ ಕೇಳಿದೆನೋ, ಪ್ರಶ್ನೆ ಇತ್ತೆಂದು ಕೇಳಿದೆನೋ ನನಗೇ ಸ್ಪಷ್ಟವಾಗಲಿಲ್ಲ. ಪ್ರಾಥರ್ ಮಾತ್ರ ನಗಲಿಲ್ಲ. "ಅದನ್ನ ಕಂಪನಿಯವ್ರು ನೋಡ್ಕೋತಾರೆ ಮೇಡಂ, ಅವರ ಬೆಟ್ಟ ಅಲ್ವಾ?" ಎಂದ, ಮರ್ಯಾದೆಯಾಗಿಯೇ. ನಾನು ಕೂತೆ.

ಕಂಪನಿಗೆ ಈ ವಿಷಯ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಕೂಟದವರು ಕಂಪನಿ ನೋಡಿಕೊಳ್ಳುತ್ತದೆ ಎಂದುಕೊಂಡರು. ಕಂಪನಿಯ ಆಳುಗಳು ನವೆಂಬರಿನಲ್ಲಿ ಎಂದಿನಂತೆ ಬಂದು ಹೊಟ್ಟೆಯ ಭಾಗ ತುಳಿದು, ಎಡಭುಜ ಮಕ್ಕಳದ್ದೆಂದು ಬಿಟ್ಟುಹೋದರು. ನಾನು ಆ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಹೋಗುವಾಗ ನೋಡಿದೆ: ಹೊಟ್ಟೆಯ ಮೇಲೆ ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಗುರುತುಗಳು, ಎಡಭುಜ ನುಣ್ಣಗೆ. ಚೆಂದವೇ ಕಾಣುತ್ತಿತ್ತು. ಆ ಚೆಂದ ನನಗೆ ಹಿಡಿಸಲಿಲ್ಲ.

ಅದೇ ವಾರ, ಹೊಸ ಹಿಮ ಬಿದ್ದ ಮೇಲೆ, ಗಸ್ತಿನ ಮುಖ್ಯಸ್ಥ ಆನ್ಸನ್ ಬೇಕರಿಗೆ ಬಂದಾಗ ಕೇಳಿದೆ. ಬೆಟ್ಟದ ಮೇಲೆ ಹಿಮ ಕುಸಿಯದಂತೆ ಕಾಯುವುದು ಅವನ ಕೆಲಸ.

"ಎಡಭುಜ ಈ ಸಲ ಯಾರೂ ತುಳಿದಿಲ್ಲ ಕಣೋ."

"ಮಕ್ಕಳು ಬಂದಿರ್ತಾರೆ ಬಿಡು, ಪ್ರತಿ ವರ್ಷ ಬರ್ತಾವಲ್ಲ."

"ಬಂದಿಲ್ಲ ಅಂತಾನೇ ಹೇಳ್ತಿರೋದು. ಪ್ರಾಥರ್ ಬೇಡ ಅಂದ."

ಅವನು ಕಾಫಿ ಲೋಟ ಕೆಳಗಿಟ್ಟ. "ಈಗ ತುಳಿಯೋಕೆ ಹೊತ್ತು ಮೀರಿತು, ಹೊಸ ಹಿಮ ಕೂತಾಯ್ತು. ಸಿಡಿಮದ್ದು ಹಾಕಿ ನೋಡ್ತೀನಿ. ಬೀಳೋದಿದ್ರೆ ಆವಾಗಲೇ ಬೀಳುತ್ತೆ." ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತ. "ನೋಡು ಡೋರಾ, ನೀನು ನಮ್ಮಮ್ಮನ ಗೆಳತಿ ಅಂತ ಹೇಳ್ತಿದೀನಿ. ಪ್ರಾಥರ್ ಮೇಲಿನ ಸಿಟ್ಟನ್ನ ಬೆಟ್ಟದ ಮೇಲೆ ಹಾಕ್ಬೇಡ. ಊರಲ್ಲಿ ಜನ ಆಡ್ಕೊಂಡು ನಗ್ತಿದಾರೆ."

ಅವನು ಮಾತಿಗೆ ತಪ್ಪಲಿಲ್ಲ. ಸಿಡಿಮದ್ದು ಹಾಕಿದ, ಮತ್ತೆ ಹಿಮ ಬಿದ್ದ ಮೇಲೆ ಮತ್ತೆ ಹಾಕಿದ. ಬೇಕರಿಯ ಗಾಜು ಅದುರುವ ಹಾಗೆ ಸದ್ದು ಕೇಳುತ್ತಿತ್ತು. "ಆನೆ ಕುಣಿದ್ರೂ ಅಲ್ಲಾಡಲ್ಲ" ಎಂದು ಬಂದು ಹೇಳಿದ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೀಳಬೇಕಾದದ್ದು ಬೀಳದೆ ಉಳಿದರೆ ಅದು ಎಲ್ಲಿ ಹೋಗುತ್ತದೆ? ಹೀಗೆ ಕೇಳಿದರೆ ಮತ್ತೆ ನಗುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ನನ್ನ ಸಂಕಟಕ್ಕೆ ಕಾರಣ ಟಿಲ್ಡಾ. ಮಗ ಸೊಸೆ ಬೇರೆಯಾದ ಮೇಲೆ ಈ ಮೊಮ್ಮಗಳು ನನ್ನ ಜೊತೆಯಲ್ಲೇ ಬೇಕರಿಯ ಮೇಲಿನ ಮನೆಯಲ್ಲಿದ್ದಾಳೆ. ಹದಿನಾರರ ಹುಡುಗಿ, ಮೂಗಿನ ತುದಿಯಲ್ಲೇ ಕೋಪ, ಅದೂ ನನ್ನಿಂದಲೇ ಬಂದದ್ದು. ಫೆಬ್ರವರಿಯ ಸ್ಪರ್ಧೆಯಲ್ಲಿ ಗೆದ್ದರೆ ಮುಂದಿನ ಸುತ್ತಿಗೆ ಬೇರೆ ರಾಜ್ಯಕ್ಕೆ ಹೋಗುವ ಆಸೆ. ಅವಳೂ ಮಾಯ್ರಾಳೂ ಉಂಡಿದ್ದು ಉಟ್ಟಿದ್ದು ಎಲ್ಲ ಒಟ್ಟಿಗೆ. ನಮ್ಮ ಸ್ಪರ್ಧೆಯ ಕಟ್ಟಳೆ ಹೇಗೆಂದರೆ, ಮಕ್ಕಳು ಮೊದಲೇ ಇಳಿದು ನೋಡುವಂತಿಲ್ಲ. ಬುಡದಲ್ಲಿ ನಿಂತು ದುರ್ಬೀನಿನಲ್ಲಿ ನೋಡಿ ಹಾದಿ ಆರಿಸಿಕೊಳ್ಳಬೇಕು. ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಒಂದೇ ದುರ್ಬೀನನ್ನು ಕಿತ್ತಾಡಿಕೊಂಡು ನೋಡುತ್ತಿದ್ದರು. ನಾನು ಬುಡದಲ್ಲಿ ಹಾಕಿದ್ದ ಊಟದ ಡೇರೆಗೆ ಬ್ರೆಡ್ಡಿನ ತಟ್ಟೆಗಳನ್ನು ಹೊತ್ತು ತಂದಿದ್ದೆ.

"ಎಡಗಡೆ ಎರಡು ಬಂಡೆ ಇದೆಯಲ್ಲ, ಮೊದಲನೇದು ಹಾರಿ ಎರಡನೇದರ ಪಕ್ಕ ಇಳಿಯೋದು," ಎಂದಳು ಮಾಯ್ರಾ. "ನಡುವೆ ಹೋದ್ರೆ ಅಜ್ಜಿಯಂದ್ರೂ ಇಳೀತಾರೆ. ಸಾರಿ, ದೋನ್ಯಾ ಡೋರಾ!" ದೋನ್ಯಾ ಎಂದರೆ ಅವರ ಭಾಷೆಯಲ್ಲಿ ಅಮ್ಮಾವ್ರು ಎಂದ ಹಾಗೆ, ತಾಯಿ ಮಗಳಿಬ್ಬರೂ ನನ್ನನ್ನು ಕರೆಯುತ್ತಿದ್ದದ್ದು ಹಾಗೇ.

"ಅಜ್ಜಿ ಇಳಿದ್ರೆ ನಿಮ್ಮಿಬ್ಬರ ಮಾನ ಹೋಗುತ್ತೆ ಅಂತ ಸುಮ್ನಿದೀನಿ," ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಹಿಂದಿರುಗುವಾಗ ಬಂಡಿಯ ಜಾಡು ಬಿಟ್ಟು ಬಯಲನ್ನು ಅಡ್ಡ ಹಾಯ್ದೆ, ದಾರಿ ಉಳಿಯಲೆಂದು. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಕಾಲ ಕೆಳಗಿನ ಹಿಮ ಒಮ್ಮೆಲೇ ಕುಸಿದು 'ಹೂಂ' ಎಂದಿತು. ಸದ್ದು ನನ್ನ ಕಾಲಿಂದ ಹೊರಟು ಬಯಲಿನ ಆಚೆ ಬೇಲಿಯ ತನಕ ನೆಲದೊಳಗೇ ಓಡಿತು. ಬೇಲಿಯ ಗೂಟದ ಮೇಲಿನ ಹಿಮ ಉದುರಿತು. ನಾನು ಕಾಲೆತ್ತಲಾಗದೆ ನಿಂತೆ. ಕೆಳಗೆ ಸಕ್ಕರೆ ಇದೆ ಎಂದರ್ಥ. ಇದು ಬಯಲು, ಬಯಲು ಎಲ್ಲಿಗೆ ಜಾರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಲೆ ಎತ್ತಿ ಎಡಭುಜ ನೋಡಿದೆ. ನುಣ್ಣಗೆ ಇತ್ತು.

ಮರುದಿನ ನಸುಕಿನಲ್ಲಿ ನೊಯೆಮಿಯೂ ನಾನೂ ಎದುರುಬದುರು ನಿಂತು ಹಿಟ್ಟು ನಾದುತ್ತಿದ್ದೆವು. ಅವಳು ಹಾಡು ಗುನುಗುತ್ತಿದ್ದಳು. ಅವತ್ತು ಮಧ್ಯಾಹ್ನದ ಕೆಲಸಕ್ಕೆ ರಜೆ ಕೇಳಿ ಪಡೆದಿದ್ದಳು, ಮಗಳ ಸ್ಪರ್ಧೆ ಕಣ್ಣಾರೆ ನೋಡಲು.

"ಮಾಯ್ರಾ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ದೋನ್ಯಾ, ಅಂಗೀನ ಹಾಸಿಗೆ ಮೇಲೆ ಹರಡ್ಕೊಂಡು ನೋಡ್ತಾ ಕೂತಿದ್ಲು. ಎಡಗಡೆ ಬಂಡೆ ಹಾರ್ತಾಳಂತೆ. ನಂಗೆ ಭಯ, ಅವಳಿಗೆ ನಗು."

ನನ್ನ ಕೈ ನಿಂತಿತು. "ನೊಯೆಮಿ," ಎಂದೆ.

"ಹೇಳಿ."

ಬಾಯಿ ತನಕ ಬಂದಿತ್ತು. ಅಷ್ಟರಲ್ಲಿ ಅವಳೇ ಅಂದಳು: "ಆ ಪ್ರಾಥರ್ ಸಾಹೇಬ್ರನ್ನ ದೇವರೇ ಕಳಿಸಿದ್ದು. ನೀವು ಅವರ ಮೇಲೆ ಕೋಪ ಮಾಡ್ಕೋಬೇಡಿ, ನಂಗೋಸ್ಕರ. ತುಳಿದು ಪಾಸು ತಗೊಂಡ್ರೂ ಹೆಲ್ಮೆಟ್ಟು ಬೀಕನ್ನಿಗೆ ನನ್ನ ಹತ್ರ ದುಡ್ಡೆಲ್ಲಿತ್ತು? ಅವರಿಲ್ದಿದ್ರೆ ನನ್ನ ಮಗಳು ಬೆಟ್ಟದ ಬುಡದಲ್ಲಿ ನಿಂತು ಬೇರೆ ಮಕ್ಕಳನ್ನ ನೋಡ್ಬೇಕಿತ್ತು."

ಏನು ಹೇಳಲಿ? ಬಯಲು ಹೂಂ ಎಂದಿತು ಎನ್ನಲೇ? ಆನ್ಸನ್ ಅಲ್ಲಾಡುವುದಿಲ್ಲ ಎಂದಿದ್ದಾನೆ. ಈಗ ನಾನು ಬಾಯಿ ಬಿಟ್ಟರೆ, ಹೆಸರು ಹೋದ ಸಂಕಟಕ್ಕೆ ಈ ಮುದುಕಿ ನನ್ನ ಮಗಳ ಖುಷಿ ಕೆಡಿಸಲು ಬಂದಳು ಎಂದು ಅವಳು ಅಂದುಕೊಂಡರೆ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಮತ್ತೆ ಅದೇ ನಗು. "ಉಪ್ಪು ಹಾಕಿದೀಯಾ ಅಂತ ಕೇಳ್ದೆ," ಎಂದೆ. "ಹಾಕಿದೀನಿ ದೋನ್ಯಾ," ಎಂದು ಮತ್ತೆ ಗುನುಗಲು ಶುರುಮಾಡಿದಳು.

ಆಮೇಲೆ ಮೇಲೆ ಹೋಗಿ ಟಿಲ್ಡಾಳನ್ನು ಎಬ್ಬಿಸಿದೆ. ಬಾಗಿಲು ಹಾಕಿಕೊಂಡು ಹೇಳಿದೆ.

"ನೀನು ಎಡಗಡೆ ಹೋಗ್ಬೇಡ."

"ಯಾಕೆ?"

"ಅದನ್ನ ಯಾರೂ ತುಳಿದಿಲ್ಲ. ನನಗೆ ಸರಿ ಕಾಣ್ತಿಲ್ಲ."

"ಆನ್ಸನ್ ಓಕೆ ಅಂದಿದಾನೆ. ಲೈಲ್ ಓಕೆ ಅಂದಿದಾನೆ. ನಿನಗೆ ಮಾತ್ರ ಯಾಕೆ ಅಜ್ಜಿ? ನಡುವೆ ಹೋದ್ರೆ ಅಂಕ ಎಲ್ಲಿಂದ ಬರುತ್ತೆ? ನಾನು ಮಾಯ್ರಾ ಇಬ್ಬರೂ ಅದನ್ನೇ ಅಂದ್ಕೊಂಡಿದೀವಿ."

"ಟಿಲ್ಡಾ, ನಿನಗೆ ಕೈ ಮುಗೀತೀನಿ."

ನಾನು ಯಾರಿಗೂ ಕೈ ಮುಗಿಯುವವಳಲ್ಲ ಎಂದು ಅವಳಿಗೆ ಗೊತ್ತು. ಮುಖ ಕಪ್ಪಿಟ್ಟಿತು. ಸಾಕ್ಸು ಎಳೆದುಕೊಳ್ಳುತ್ತ, "ಸರಿ" ಎಂದಳು.

"ಇನ್ನೊಂದು. ಇದನ್ನ ಯಾರ ಹತ್ರಾನೂ ಹೇಳ್ಬೇಡ. ಹೇಳಿದ್ರೆ ನಿನ್ನಜ್ಜಿ ಹೊಟ್ಟೆಕಿಚ್ಚಿಗೆ ಗಾಳಿಸುದ್ದಿ ಹಬ್ಬಿಸ್ತಿದಾಳೆ ಅಂತಾರೆ."

ಅವಳು ನನ್ನನ್ನು ನೋಡಿದಳು. ಹೊರಟುಹೋದಳು.

ಬುಡದಲ್ಲಿ ಜಾತ್ರೆಯಷ್ಟು ಜನ. ಬೇರೆ ಊರಿನ ಮಕ್ಕಳ ಅಪ್ಪಂದಿರು ಕುರ್ಚಿ ಹಾಕಿಕೊಂಡು ಕೂತಿದ್ದರು. ಬೇಲಿಯುದ್ದಕ್ಕೂ ಪ್ರಾಥರ್ ಹೆಸರಿನ ನೀಲಿ ಬಟ್ಟೆ, ಮಕ್ಕಳ ನಂಬರಿನ ಅಂಗಿಯೂ ಈಗ ಅದೇ ನೀಲಿ. ಅವನು ಮೈಕು ಹಿಡಿದು ಮಕ್ಕಳ ಹೆಸರನ್ನೆಲ್ಲ ತಪ್ಪಿಲ್ಲದೆ ಕೂಗುತ್ತಿದ್ದ. ಪ್ರತಿಯೊಬ್ಬರ ಬಗ್ಗೆಯೂ ಒಂದು ಒಳ್ಳೆಯ ಮಾತು ಕಲಿತುಕೊಂಡು ಬಂದಿದ್ದ. ಆಕಾಶ ಶುಭ್ರವಾಗಿತ್ತು. ಸೂರ್ಯ ಹಿಂದಿನ ಶಿಖರದ ಮರೆಯಲ್ಲಿ, ಮೂರನೇ ಪಾಳಿ ಪೂರ್ತಿ ನೆರಳಿನಲ್ಲಿ. ನೊಯೆಮಿ ದಪ್ಪ ಕೋಟಿನೊಳಗೆ ಫ್ಲಾಸ್ಕ್ ಅಪ್ಪಿಕೊಂಡು ಬಂದಿದ್ದಳು. ಅದರಲ್ಲಿ ಜೋಳದ ಹಿಟ್ಟು ಚಾಕಲೇಟು ಹಾಕಿ ಕುದಿಸಿದ ಗಂಜಿ, ಮಗಳು ಇಳಿದ ಕೂಡಲೇ ಕುಡಿಸಲು.

ಒಬ್ಬೊಬ್ಬರಾಗಿ ಮಕ್ಕಳು ಇಳಿದರು. ಹೆಚ್ಚಿನವರು ನಡುವೆ, ಕೆಲವರು ಬಲಕ್ಕೆ. ಒಬ್ಬ ಹುಡುಗ ಎಡಭುಜದ ಅಂಚಿಗೆ ಹೋಗಿ, ಏನನ್ನಿಸಿತೋ, ನಡುವಿಗೆ ತಿರುಗಿಕೊಂಡ. ನೋಡು, ಏನೂ ಆಗುವುದಿಲ್ಲ ಎಂದು ಮನಸ್ಸು ಹೇಳಿತು. ಸಂಜೆ ಮನೆಗೆ ಹೋಗಿ ಟಿಲ್ಡಾಳ ಕೈಯಲ್ಲಿ ಬೈಸಿಕೊಂಡರೆ ಮುಗಿಯಿತು. ಬೈಸಿಕೊಳ್ಳುವ ಆಸೆ ಆಯಿತು ನನಗೆ.

ಟಿಲ್ಡಾಳ ಹೆಸರು ಕೂಗಿದರು. ತುದಿಯಲ್ಲಿ ಒಂದು ಚುಕ್ಕಿ ಕಾಣಿಸಿತು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನೇರ ನಡುವಿನಿಂದ ಇಳಿಯಿತು. ಅಚ್ಚುಕಟ್ಟಾಗಿ, ಒಂದೂ ತಪ್ಪಿಲ್ಲದೆ, ಯಾವ ಬಂಡೆಯನ್ನೂ ಮುಟ್ಟದೆ ಇಳಿದಳು. ಚಪ್ಪಾಳೆ ಸಪ್ಪೆಯಾಗಿತ್ತು. ಅಂಕ ಕಡಿಮೆ ಬಂತು. ಬೇಲಿ ದಾಟಿ ಬಂದವಳು ನನ್ನ ಕಡೆ ನೋಡದೆ ಸ್ಕೀ ಕಳಚಿ ಹಿಮದಲ್ಲಿ ಚುಚ್ಚಿದಳು. ಅಳುತ್ತಿದ್ದಳು.

"ಮೇಲೆ ಮಾಯ್ರಾ ಕೇಳಿದ್ಲು, ಯಾಕೆ ನಡುವೆ ಹೋಗ್ತಿದೀಯ ಅಂತ," ಎಂದಳು ಬೆನ್ನು ತಿರುಗಿಸಿಯೇ. "ಭಯ ಆಗ್ತಿದೆ ಅಂದೆ. ನೀನು ಹೇಳ್ಬೇಡ ಅಂದಿದ್ಯಲ್ಲ. ಅವಳು ನಕ್ಕು, ನಿನ್ನ ಪಾಲಿಂದೂ ನಾನೇ ಹಾರ್ತೀನಿ ಬಿಡು ಅಂದ್ಲು."

ಅಷ್ಟರಲ್ಲಿ ಪ್ರಾಥರ್ ಮಾಯ್ರಾಳ ಹೆಸರು ಕೂಗಿದ. ನೊಯೆಮಿ ನನ್ನ ಕೈ ಹಿಡಿದುಕೊಂಡಳು, ಬೆರಳು ನೋಯುವಷ್ಟು ಗಟ್ಟಿಯಾಗಿ. ಆಗಲೂ ಸಮಯವಿತ್ತೇ? ಮೈಕು ನನ್ನಿಂದ ಕೂಗಳತೆಯಲ್ಲಿತ್ತು. ಓಡಿಹೋಗಿ ಕಿತ್ತುಕೊಂಡು ನಿಲ್ಲಿಸಿ ಎನ್ನಬಹುದಿತ್ತು. ಹೋಗಲಿಲ್ಲ.

ಅವಳು ಎಡಕ್ಕೆ ತಿರುಗಿದಳು. ಮೊದಲ ಬಂಡೆಯ ತುದಿಗೆ ಬಂದು, ಹಾರಿ, ಮೊಣಕಾಲು ಮಡಚಿ, ಮೆತ್ತಗೆ ಇಳಿದಳು. ಜನ ಓ ಎಂದು ಎದ್ದು ನಿಂತರು. ನೊಯೆಮಿ ಕಿರುಚಿದಳು ಸಂತೋಷಕ್ಕೆ. ಎರಡನೇ ಬಂಡೆಯ ಪಕ್ಕಕ್ಕೆ ಬಂದಳು, ಬಂಡೆಯ ಬದಿಗೆ ಹಿಮ ತೆಳ್ಳಗಿರುವ ಜಾಗ. ಅಲ್ಲಿ ತಿರುಗಿದಳು.

ಮೊದಲು ಸದ್ದೇ ಬರಲಿಲ್ಲ. ಬಂಡೆಯಿಂದ ಒಂದು ಗೆರೆ ಹೊರಟು ಎಡಭುಜದ ನೆತ್ತಿಯುದ್ದಕ್ಕೂ ಓಡಿತು. ಯಾರೋ ಹಾಸಿಗೆಯ ಹೊದಿಕೆ ಎಳೆದ ಹಾಗೆ ಇಡೀ ಭುಜ ಒಮ್ಮೆಲೇ ಕೆಳಕ್ಕೆ ಜಾರಿತು. ಆಮೇಲೆ ಸದ್ದು ಬಂತು. ನೀಲಿ ಅಂಗಿ ಒಮ್ಮೆ ಮೇಲೆ ಕಾಣಿಸಿತು, ಮತ್ತೊಮ್ಮೆ ಕಾಣಿಸಿತು, ಆಮೇಲೆ ಬರೀ ಬಿಳಿ ಧೂಳು. ಧೂಳು ನಮ್ಮ ಮುಖದ ಮೇಲೂ ಬಂದು ಕೂತಿತು, ತಣ್ಣಗೆ.

ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತೇ? ಟಿಲ್ಡಾ ಇಲ್ಲಿದ್ದಾಳೆ. ನನ್ನ ಮಗು ನನ್ನ ಪಕ್ಕದಲ್ಲಿದ್ದಾಳೆ. ಒಂದು ಗಳಿಗೆ ನನಗೆ ಸಂತೋಷವೇ ಆಯಿತು, ನೊಯೆಮಿಯ ಕೈ ನನ್ನ ಕೈಯಲ್ಲಿರುವಾಗಲೇ.

ಮಕ್ಕಳು ದೊಡ್ಡವರಿಗಿಂತ ಮೊದಲು ಓಡಿದರು. ಇದನ್ನೆಲ್ಲ ಕೂಟದಲ್ಲಿ ಕಲಿಸಿರುತ್ತಾರೆ. ಬೀಕನ್ನು ಕೈಯಲ್ಲಿ ಹಿಡಿದು, ಅದರ ಸದ್ದಿನ ಜಾಡು ಹಿಡಿದು, ಗಡ್ಡೆಗಟ್ಟಿದ ಹಿಮದ ಮೇಲೆ ಎಡವುತ್ತ ಟಿಲ್ಡಾ ಎಲ್ಲರಿಗಿಂತ ಮುಂದಿದ್ದಳು. ಉದ್ದನೆಯ ಸರಳು ಚುಚ್ಚಿ, "ಇಲ್ಲಿ!" ಎಂದು ಕೂಗಿದವಳೂ ಅವಳೇ. ಜಾರಿ ನಿಂತ ಹಿಮ ಸಿಮೆಂಟಿನಷ್ಟು ಗಟ್ಟಿಯಾಗಿರುತ್ತದೆ. ಸಲಿಕೆಗಳು ಠಣ್ ಎನ್ನುತ್ತಿದ್ದವು. ಪ್ರಾಥರ್ ಮೈಕು ಎಸೆದು ಬಂದು ಬರಿಗೈಯಲ್ಲಿ ಅಗೆಯುತ್ತಿದ್ದ, ಉಗುರಿನಿಂದ ರಕ್ತ ಬರುತ್ತಿತ್ತು. ಆನ್ಸನ್ ಹುಡುಗಿಯನ್ನು ಹೊರಗೆಳೆದು ಎದೆ ಒತ್ತತೊಡಗಿದ. ಅವನ ಮುಖ ನೋಡಿ ನಾನು ತಲೆ ತಗ್ಗಿಸಿದೆ. ನೊಯೆಮಿಯನ್ನು ಇಬ್ಬರು ಹಿಡಿದುಕೊಂಡಿದ್ದರು. ಹೆಲಿಕಾಪ್ಟರ್ ಬಂದಾಗಲೂ ಆ ಫ್ಲಾಸ್ಕ್ ಅವಳ ಕೋಟಿನೊಳಗೇ ಇತ್ತು.

ಕೆಳಗಿನ ಕಣಿವೆಯ ಆಸ್ಪತ್ರೆಗೆ ನಾನೇ ಗಾಡಿ ಓಡಿಸಿದೆ. ನೊಯೆಮಿ ಪಕ್ಕದಲ್ಲಿ, ಟಿಲ್ಡಾ ಹಿಂದೆ. ಒಂದು ತಿರುವಿನಲ್ಲಿ ಕನ್ನಡಿಯಲ್ಲಿ ಟಿಲ್ಡಾಳ ಕಣ್ಣು ಸಿಕ್ಕಿತು. ಅವಳು ನನ್ನನ್ನೇ ನೋಡುತ್ತಿದ್ದಳು, ಅಳದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತೆವು. ಪ್ರಾಥರ್ ಆಚೆ ತುದಿಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ, ಕೈಗೆ ಬ್ಯಾಂಡೇಜು ಸುತ್ತಿಕೊಂಡು. ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು. ನೊಯೆಮಿಯ ಎದುರು ಮಂಡಿಯೂರಿ ಕೂತು, ಅವಳ ಭಾಷೆಯಲ್ಲೇ ಹೇಳಿದರು. ನನಗೆ ಆ ಭಾಷೆ ಅಷ್ಟಾಗಿ ಬಾರದು. ಆದರೂ ತಿಳಿಯಿತು.

ನೊಯೆಮಿ ಕೂಗಾಡಲಿಲ್ಲ. ಡಾಕ್ಟರು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, ನನ್ನ ಎರಡೂ ಕೈ ತನ್ನ ಮಡಿಲಿಗೆ ಎಳೆದುಕೊಂಡಳು.

"ನೀವೊಬ್ರೇ ನಂಗೆ ಇರೋದು ದೋನ್ಯಾ," ಎಂದಳು. ಆಮೇಲೆ, "ಒಂದ್ ಮಾತು. ಯಾರಾದ್ರೂ ಒಬ್ರು ಒಂದೇ ಒಂದ್ ಮಾತು ಹೇಳಿದ್ರೆ ಸಾಕಿತ್ತು. ನಾನು ಕಳಿಸ್ತಾನೇ ಇರ್ಲಿಲ್ಲ. ಇಷ್ಟು ಜನ ಇದ್ರಲ್ಲ, ಯಾರಿಗೂ ಗೊತ್ತಿರ್ಲಿಲ್ವಾ?"

ಅವಳು ನನ್ನ ಕೈಗಳನ್ನು ಸವರುತ್ತಲೇ ಇದ್ದಳು, ಸಮಾಧಾನ ಬೇಕಾದದ್ದು ನನಗೇ ಎನ್ನುವ ಹಾಗೆ.

ಟಿಲ್ಡಾ ಎದ್ದು ಬಂದು ನಮ್ಮಿಬ್ಬರ ಎದುರು ನಿಂತಳು. ನಂಬರಿನ ಅಂಗಿ ಇನ್ನೂ ಮೈಮೇಲಿತ್ತು.

"ಅಜ್ಜಿ," ಎಂದಳು. "ನೀನು ಹೇಳ್ತೀಯಾ, ನಾನು ಹೇಳ್ಲಾ?"

ನೊಯೆಮಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ಇನ್ನೂ ಏನೂ ಅರ್ಥವಾಗಿರಲಿಲ್ಲ ಅವಳಿಗೆ. ನಾನು ಅವಳ ಮಡಿಲಿನಿಂದ ನನ್ನ ಕೈಗಳನ್ನು ಬಿಡಿಸಿಕೊಂಡೆ. ಅವು ಅಲ್ಲಿರುವಾಗ ಹೇಳುವುದು ಆಗದ ಮಾತು. ಆಮೇಲೆ ಹೇಳಿದೆ.